ತಾಯಿ ಅಂತ ಎರಡು ಸಲ ಬರೆದವನು

ಜನವರಿ ತಿಂಗಳು, ಬೆಳಗ್ಗೆ ಎಂಟೂವರೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹೊರಗೆ ಮೈನಸ್ 34. ಜೈಲಿನ ಪಾರ್ಕಿಂಗ್ ಜಾಗದಲ್ಲಿ ಎಂಜಿನ್ ಬಂದ್ ಮಾಡದೆ ಕೂತಿದ್ದೆ. ಬಂದ್ ಮಾಡಿದರೆ ಮತ್ತೆ ಶುರುವಾಗುತ್ತೋ ಇಲ್ವೋ ಅನ್ನೋ ಹೆದರಿಕೆ. ಥರ್ಮಾಸಿನಲ್ಲಿ ಮನೆಯಿಂದ ತಂದ ಚಹಾ ಇತ್ತು. ಹಿಂದಿನ ಸೀಟಿನಲ್ಲಿ ನನ್ನ ಹಳೇ ಜಾಕೆಟ್, ಒಂದು ಜೊತೆ ಬೂಟು.

ಬಾಗಿಲು ತೆರೆದು ಒಬ್ಬ ಬಂದ. ಮೂವತ್ತರ ಆಸುಪಾಸು. ಕೈಯಲ್ಲಿ ಒಂದು ರಟ್ಟಿನ ಡಬ್ಬಿ, ಅದರ ಮೇಲೆ ಒಳಗಿದ್ದದ್ದೆಲ್ಲ ಕಾಣುವ ಪ್ಲಾಸ್ಟಿಕ್ ಚೀಲ. ಕಾಲಲ್ಲಿ ಓಡುವ ಶೂ. ಅವನನ್ನು ಒಳಗೆ ಹಾಕಿದ್ದು ಮೇ ತಿಂಗಳಲ್ಲಿ. ಅವತ್ತು ಹಾಕಿಕೊಂಡಿದ್ದ ಬಟ್ಟೆಯೇ ಇವತ್ತು ವಾಪಸ್ ಸಿಕ್ಕಿದ್ದು. ಬೂಟು ಕೊಟ್ಟೆ. ಒಂದು ಸೈಜು ದೊಡ್ಡದಾಯಿತು. 'ಪರವಾಗಿಲ್ಲ, ಸಾಕ್ಸು ಎರಡು ಹಾಕ್ಕೋತೀನಿ' ಅಂದ.

ನಾನು ಕೆನಡಾದ ಸಸ್ಕಾಟೂನಿನಲ್ಲಿ ಇರುವವನು. ಊರು ಹುಬ್ಬಳ್ಳಿ. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ. ಇಲ್ಲಿಗೆ ಬಂದ ಹೊಸದರಲ್ಲಿ ಮೂಲನಿವಾಸಿಗಳ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಬಸ್ ಸ್ಟಾಪಿನಲ್ಲಿ ಕುಡಿದು ಕೂತವರನ್ನು ತೋರಿಸಿ, ನಮ್ಮವರೇ ಒಬ್ಬರು 'ಇವರ ಸಹವಾಸ ಬೇಡ' ಅಂತ ಬುದ್ಧಿ ಹೇಳಿದ್ದರು. ಕೆಲವು ವರ್ಷ ನಾನೂ ಆ ಬುದ್ಧಿಯನ್ನೇ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಆಫೀಸಿನ ಒಬ್ಬ ಹೆಂಗಸು, ಕ್ರೀ ಅನ್ನುವ ಮೂಲನಿವಾಸಿ ಜನಾಂಗದವರು, ಜೈಲಿನಿಂದ ಬಿಟ್ಟವರನ್ನು ಊರಿಗೆ ಮುಟ್ಟಿಸುವ ಈ ಡ್ರೈವಿಂಗಿಗೆ ನನ್ನನ್ನು ಎಳೆದರು. ಅವರು ಹೇಳಿದ್ದು ಬಹಳ ಸರಳ. 'ನಿನ್ನ ಹತ್ತಿರ ಕಾರಿದೆ, ಶನಿವಾರ ಖಾಲಿ ಇರ್ತೀಯ, ಇಲ್ಲಿ ಬಸ್ಸಿಲ್ಲ.'

ಬಸ್ಸಿಲ್ಲ ಅನ್ನೋದು ಸುಮ್ನೆ ಮಾತಲ್ಲ. ಸಸ್ಕಾಚೆವಾನ್ ಪ್ರಾಂತ್ಯಕ್ಕೆ ತನ್ನದೇ ಸರ್ಕಾರಿ ಬಸ್ ಕಂಪನಿ ಇತ್ತು, ನಮ್ಮ ಕೆಎಸ್‌ಆರ್‌ಟಿಸಿ ಥರ. 2017ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿದರು. 2018ರ ಅಕ್ಟೋಬರ್ ಕೊನೆಗೆ ಗ್ರೇಹೌಂಡ್ ಅನ್ನೋ ಖಾಸಗಿ ಬಸ್ ಕಂಪನಿ ಕೂಡ ಪಶ್ಚಿಮ ಕೆನಡಾದಿಂದ ಕೈ ತೊಳೆದುಕೊಂಡಿತು. ಜೈಲಿನಿಂದ ಹೊರಬಿದ್ದವನ ಊರು ಮುನ್ನೂರು ಕಿಲೋಮೀಟರ್ ದೂರದ ಕಾಡಿನಲ್ಲಿದ್ದರೆ ಅವನು ಹೋಗೋದು ಹೇಗೆ? ಬಹಳ ಜನ ಹೋಗೋದೇ ಇಲ್ಲ. ಬಿಟ್ಟ ಪಟ್ಟಣದಲ್ಲೇ ಉಳಿಯುತ್ತಾರೆ. ಮೊದಲ ರಾತ್ರಿ ಯಾರ ಮನೆಯ ಸೋಫಾ ಸಿಗುತ್ತೋ ಅಲ್ಲಿ. ಆ ಸೋಫಾ ಸಾಮಾನ್ಯವಾಗಿ ಹಳೇ ಗ್ಯಾಂಗಿನ ಗೆಳೆಯನದ್ದು.

ನಮ್ಮ ಕಡೆ ಇಂಥವರಿಗೆ 'ಒಳಗೆ ಹೋಗಿ ಬಂದವನು' ಅಂತಾರೆ. ಆ ಮಾತಿನಲ್ಲಿ 'ಬಂದವನು' ಅನ್ನೋದು ಎಷ್ಟು ಸಲೀಸಾಗಿ ಬಂದುಬಿಡುತ್ತೆ ನೋಡಿ.

ಪ್ರಿನ್ಸ್ ಆಲ್ಬರ್ಟ್ ದಾಟಿದ ಮೇಲೆ ಹೊಲಗಳು ಮುಗಿದು ಕಾಡು ಶುರುವಾಗುತ್ತೆ. ಸ್ಪ್ರೂಸ್ ಮರ, ಹಿಮ, ಮತ್ತೆ ಸ್ಪ್ರೂಸ್ ಮರ. ಅಲ್ಲಿತನಕ ಅವನು ಹೆಚ್ಚು ಮಾತಾಡಿರಲಿಲ್ಲ. ಪಟ್ಟಣದಲ್ಲಿ ಪೆರೋಲ್ ಆಫೀಸಿಗೆ ಹೋಗಿ ಸಹಿ ಹಾಕಿ ಬಂದಿದ್ದ. ಕಾಡು ಕಂಡದ್ದೇ ಕಿಟಕಿ ಕಡೆ ತಿರುಗಿ ಕೂತು, ಒಂದು ಕಥೆ ಹೇಳಿದ.

ಬಿಡುಗಡೆಗೆ ಮುಂಚೆ ಒಂದು ಫಾರ್ಮ್ ತುಂಬಬೇಕಂತೆ. ಹೊರಗೆ ನಿನಗೆ ಆಸರೆ ಯಾರು, ಅವರ ಹೆಸರು, ಫೋನು, ಅವರು ನಿನಗೆ ಏನಾಗಬೇಕು. ಇವನು ಇಬ್ಬರು ಹೆಂಗಸರ ಹೆಸರು ಬರೆದ. ಇಬ್ಬರ ಮುಂದೂ 'ತಾಯಿ' ಅಂತ ಬರೆದ. ಅಡ್ಡಹೆಸರು ಬೇರೆ ಬೇರೆ, ಮನೆ ಬೇರೆ ಬೇರೆ. ಅಲ್ಲಿದ್ದ ಅಧಿಕಾರಿಗೆ ಅನುಮಾನ ಬಂತು. ಮಾಹಿತಿ ತಾಳೆ ಆಗ್ತಿಲ್ಲ ಅಂತ ಕಾಗದ ಬದಿಗಿಟ್ಟರು. ಅದು ಮತ್ತೆ ಮೇಜಿನ ಮೇಲೆ ಬರೋಕೆ ಎರಡು ತಿಂಗಳು ಹಿಡಿಯಿತು.

'ಒಬ್ಬಳು ಹೆತ್ತವಳು, ಇನ್ನೊಬ್ಬಳು ಅವಳ ತಂಗಿ. ಇಂಗ್ಲಿಷಿನಲ್ಲಿ ಆಂಟಿ ಅಂತಾರಂತೆ. ಆಂಟಿ ಅಂದ್ರೆ ಬೇರೆ ಯಾರೋ ಅಂತ ನನಗನ್ನಿಸೋದು' ಅಂದ.

ನಾನು ಕಾರು ನಿಧಾನ ಮಾಡಿದೆ. ಕ್ರೀ ಭಾಷೆಯಲ್ಲಿ ಅವಳಿಗೆ ಏನಂತೀರಿ ಅಂತ ಕೇಳಿದೆ. ತಾಯಿಗೆ 'ನಿಕಾವಿಯ್'. ತಾಯಿಯ ತಂಗಿಗೆ 'ನಿಕಾವೀಸ್'. ಅಂದರೆ ಸಣ್ಣ ತಾಯಿ.

ಚಿಕ್ಕಮ್ಮ!

ಆಮೇಲೆ ಅರ್ಧ ತಾಸು ನಾವಿಬ್ಬರೂ ನೆಂಟರ ಪಟ್ಟಿ ಮಾಡಿದೆವು. ಅಪ್ಪನ ತಮ್ಮ 'ನೋಹ್ಚಾವೀಸ್', ಸಣ್ಣ ತಂದೆ. ನಮ್ಮ ಚಿಕ್ಕಪ್ಪ. ಅಪ್ಪನ ಅಕ್ಕತಂಗಿಯರು 'ನಿಸಿಕೊಸ್'. ಹೆಂಡತಿಯ ತಾಯಿಯೂ ಅದೇ 'ನಿಸಿಕೊಸ್'. ನಮ್ಮಲ್ಲಿ ಸೋದರತ್ತೆಯೂ ಅತ್ತೆ, ಹೆಣ್ಣು ಕೊಟ್ಟವಳೂ ಅತ್ತೆ. ತಾಯಿಯ ಅಣ್ಣತಮ್ಮಂದಿರು 'ನಿಸಿಸ್', ಮಾವನೂ 'ನಿಸಿಸ್'. ಒಂದೊಂದಾಗಿ ಹೊಂದುತ್ತಾ ಹೋದ ಹಾಗೆ ನನಗೆ ನಗು ತಡೆಯಲಾಗಲಿಲ್ಲ. ಮಾನವಶಾಸ್ತ್ರದವರು ಇಂಥ ನಂಟಿನ ಲೆಕ್ಕಕ್ಕೆ 'ದ್ರಾವಿಡ ಮಾದರಿ' ಅಂತಲೇ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಓದಿದೆ. ಅವರಿಗೂ ನಮಗೂ ಯಾವ ಕಾಲದ ಸಂಬಂಧವೂ ಇಲ್ಲ. ಆದರೂ ಹುಬ್ಬಳ್ಳಿಯ ಯಾವ ಅಜ್ಜಿಯನ್ನು ತಂದು ಆ ಫಾರ್ಮಿನ ಮುಂದೆ ಕೂರಿಸಿದ್ದರೂ ಎರಡು ನಿಮಿಷದಲ್ಲಿ ಬಗೆಹರಿಸಿ ಕೊಡುತ್ತಿದ್ದಳು.

ಇಷ್ಟು ವಿವರವಾಗಿ ಇದನ್ನು ಹೇಳ್ತಿರೋದು ತಮಾಷೆಗಲ್ಲ. ಇವನು ಮನೆ ಸೇರೋದು ಆ ಚಿಕ್ಕಮ್ಮ ಯಾರು ಅನ್ನೋ ಪ್ರಶ್ನೆಯ ಮೇಲೇ ನಿಂತಿತ್ತು.

ಕೆನಡಾದಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಕೇಂದ್ರ ಸರ್ಕಾರದ ಜೈಲು. ಅದಕ್ಕೊಂದು ಕಾನೂನಿದೆ, 1992ರದ್ದು. ಅದರಲ್ಲಿ ಎರಡು ಸೆಕ್ಷನ್‌ಗಳು ಮೂಲನಿವಾಸಿಗಳಿಗೆಂದೇ ಇವೆ. 81ನೇ ಸೆಕ್ಷನ್ ಪ್ರಕಾರ ಒಂದು ಮೂಲನಿವಾಸಿ ಸಮುದಾಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕೈದಿಯನ್ನು ತಾನೇ ಇಟ್ಟುಕೊಂಡು ನೋಡಿಕೊಳ್ಳಬಹುದು. 84ನೆಯದು ಬಿಡುಗಡೆಯ ಕುರಿತು. ಕೈದಿ ನನ್ನ ಸಮುದಾಯಕ್ಕೆ ವಾಪಸ್ ಹೋಗ್ತೀನಿ ಅಂದರೆ, ಅವನ ಒಪ್ಪಿಗೆ ಪಡೆದು, ಇಲಾಖೆ ಆ ಊರಿಗೆ ಮೊದಲೇ ತಿಳಿಸಬೇಕು. ಹೀಗೆ ಒಬ್ಬ ಬರೋನಿದ್ದಾನೆ, ಅವನನ್ನು ಹೇಗೆ ಇಟ್ಟುಕೊಳ್ಳುತ್ತೀರಿ, ನಿಮ್ಮ ಯೋಜನೆ ಏನು ಅಂತ ಕೇಳಬೇಕು.

ಈ 84ನೇ ಸೆಕ್ಷನ್ ಓದಿದಾಗ ನನಗೆ ಹಿಡಿಸಿದ್ದು ಆ ಕೇಳುವುದು. ಬಿಡುಗಡೆ ಮಾಡೋದು ಜೈಲಿನವರ ಕೆಲಸ. ಸೇರಿಸಿಕೊಳ್ಳೋದು ಮನೆಯವರ ಕೆಲಸ. ನಮ್ಮ ಭಾಷೆಯಲ್ಲಿ 'ಮನೆಗೆ ಸೇರಿಸಿಕೊಂಡರು', 'ಮನೆಗೆ ಸೇರಿಸಲಿಲ್ಲ' ಅಂತೀವಲ್ಲ, ಅದೇ. ಓಡಿಹೋಗಿ ಮದುವೆಯಾದ ಮಗಳಿಂದ ಹಿಡಿದು ಸಾಲ ಮಾಡಿ ಊರು ಬಿಟ್ಟ ಮಗನವರೆಗೆ ಎಲ್ಲರ ವಿಷಯದಲ್ಲೂ ನಾವು ಕೊನೆಗೆ ಕೇಳೋದು ಅದೊಂದೇ ಪ್ರಶ್ನೆ. ಆಫೀಸಿನವರು ಇದಕ್ಕೆ ಪುನರ್ವಸತಿ ಅನ್ನೋ ದೊಡ್ಡ ಪದ ಬಳಸುತ್ತಾರೆ. ಆ ಪದದಲ್ಲಿ ಬಾಗಿಲು ತೆರೆಯುವ ಮನುಷ್ಯರು ಕಾಣೋದಿಲ್ಲ.

ಕಾನೂನು ಚೆನ್ನಾಗಿದೆ. ಕೆಲಸ ಮಾತ್ರ ಆಮೆ ನಡಿಗೆ. 2013ರ ಮಾರ್ಚಿನಲ್ಲಿ, ಕೈದಿಗಳ ದೂರು ಕೇಳುವ ಅಧಿಕಾರಿ ಹೊವರ್ಡ್ ಸೇಪರ್ಸ್ ಅವರ ವಿಶೇಷ ವರದಿ ಸಂಸತ್ತಿನ ಮುಂದೆ ಬಂತು. ಕಾನೂನು ಬಂದು ಇಪ್ಪತ್ತು ವರ್ಷವಾದ ಮೇಲೂ 81ನೇ ಸೆಕ್ಷನ್ ಅಡಿ ಇಡೀ ದೇಶದಲ್ಲಿ ಇದ್ದದ್ದು 68 ಹಾಸಿಗೆ. ದುಡ್ಡಿನ ಲೆಕ್ಕವೂ ಅದರಲ್ಲಿತ್ತು. ಮೂಲನಿವಾಸಿ ಕೈದಿಗಳನ್ನು ಅವರದೇ ರೂಢಿಯಂತೆ ಇಟ್ಟು ನೋಡಿಕೊಳ್ಳುವ ಜಾಗಕ್ಕೆ ಹೀಲಿಂಗ್ ಲಾಡ್ಜ್ ಅಂತಾರೆ. 2009-10ರಲ್ಲಿ ಇಲಾಖೆ ತಾನೇ ನಡೆಸುವ ನಾಲ್ಕು ಹೀಲಿಂಗ್ ಲಾಡ್ಜ್‌ಗಳಿಗೆ ಕೊಟ್ಟದ್ದು ಸುಮಾರು 2 ಕೋಟಿ 15 ಲಕ್ಷ ಡಾಲರ್. ಸಮುದಾಯಗಳು ನಡೆಸುವ ಲಾಡ್ಜ್‌ಗಳಿಗೆ ಸುಮಾರು 48 ಲಕ್ಷ. ಲೆಕ್ಕಪತ್ರದವನಾಗಿ ನಾನು ಈ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದೆ. ಸಮುದಾಯದ ಮೇಲೆ ಸರ್ಕಾರಕ್ಕೆ ಎಷ್ಟು ನಂಬಿಕೆ ಇದೆ ಅನ್ನೋದಕ್ಕೆ ಬೇರೆ ಭಾಷಣ ಬೇಕಾ? 2016ರಲ್ಲಿ ದೇಶದ ಆಡಿಟರ್ ಜನರಲ್ ಕೂಡ ಇದನ್ನೇ ಕೆದಕಿದರು. ಮೂಲನಿವಾಸಿ ಕೈದಿಗಳಲ್ಲಿ ಹೆಚ್ಚಿನವರು ಪೆರೋಲ್ ಮೇಲೆ ಮೊದಲೇ ಹೊರಬರುವುದಿಲ್ಲ, ಶಿಕ್ಷೆಯ ಮೂರನೇ ಎರಡು ಭಾಗ ಮುಗಿದಾಗ ತಾನಾಗಿ ಬರುವ ದಿನಾಂಕದವರೆಗೂ ಒಳಗೇ ಕಾಯುತ್ತಾರೆ.

ನನ್ನ ಜೊತೆ ಕೂತಿದ್ದವನದ್ದೂ ಅದೇ ಲೆಕ್ಕ. ನಾಲ್ಕು ವರ್ಷ ಶಿಕ್ಷೆ, ಪಟ್ಟಣದ ಅಂಗಡಿಯೊಂದರಲ್ಲಿ ದರೋಡೆ. ಹದಿನಾರು ತಿಂಗಳಿಗೆ ಪೆರೋಲ್ ಕೇಳಬಹುದಿತ್ತು. ಹೊರಬಂದದ್ದು ಮೂವತ್ತೆರಡನೇ ತಿಂಗಳಿಗೆ. ನಡುವೆ ಫಾರ್ಮ್, ಕೋರ್ಸಿಗೆ ಸರದಿ, ಬದಲಾಗುತ್ತಲೇ ಇದ್ದ ಅಧಿಕಾರಿಗಳು, ಮತ್ತೆ ಆ ಇಬ್ಬರು ತಾಯಂದಿರು.

ಇದರಲ್ಲಿ ಇನ್ನೊಂದು ಗಂಟಿದೆ. ಒಬ್ಬ ಎಷ್ಟು ಅಪಾಯಕಾರಿ ಅಂತ ಅಳೆಯೋಕೆ ಜೈಲಿನಲ್ಲಿ ಪ್ರಶ್ನಾವಳಿಗಳಿವೆ. ಮೂಲನಿವಾಸಿಗಳನ್ನು ಅವು ಸರಿಯಾಗಿ ಅಳೆಯುತ್ತವಾ ಅಂತ ಇಲಾಖೆ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. ಜೆಫ್ರಿ ಯೂವರ್ಟ್ ಅನ್ನುವ ಮೆಟಿಸ್ (ಮೂಲನಿವಾಸಿ ಮತ್ತು ಯುರೋಪಿಯನ್ ವಂಶ ಬೆರೆತ ಜನಾಂಗ) ಕೈದಿ ಇದನ್ನು ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋದ. 2018ರಲ್ಲಿ ಕೋರ್ಟು, ಹೌದು, ಇಲಾಖೆ ತನ್ನ ಕರ್ತವ್ಯ ಮಾಡಿಲ್ಲ ಅಂತ ಹೇಳಿತು. ನಿಮ್ಮ ಮನೆಯಲ್ಲಿ ಎಷ್ಟು ಜನ ಜೈಲಿಗೆ ಹೋಗಿದ್ದಾರೆ, ಚಿಕ್ಕಂದಿನಲ್ಲಿ ಯಾರ ಹತ್ತಿರ ಬೆಳೆದಿರಿ ಅಂತೆಲ್ಲ ಕೇಳಿದರೆ ಈ ಜನರ ಉತ್ತರ ಹೇಗಿರುತ್ತೆ? ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಸರ್ಕಾರವೇ ಮನೆಯಿಂದ ಕಿತ್ತು ವಸತಿ ಶಾಲೆಗಳಲ್ಲಿ ಇಟ್ಟಿತ್ತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ನಾನು ಹೈಸ್ಕೂಲು ಓದುತ್ತಿದ್ದಾಗ. ಮನೆ ಒಡೆದವರೇ ಬಂದು, ನಿನ್ನ ಮನೆ ಗಟ್ಟಿಯಾಗಿಲ್ಲ, ಅದಕ್ಕೆ ನೀನು ಅಪಾಯಕಾರಿ ಅಂದ ಹಾಗೆ.

ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು 5%. ಕೇಂದ್ರದ ಜೈಲುಗಳಲ್ಲಿ 30%ಗಿಂತ ಜಾಸ್ತಿ. ಹೆಂಗಸರನ್ನು ಮಾತ್ರ ಎಣಿಸಿದರೆ ಹತ್ತತ್ತಿರ ಅರ್ಧ.

ಹುಬ್ಬಳ್ಳಿಯವರಿಗೆ 'ಸೆಟ್ಲಮೆಂಟ್' ಅನ್ನೋ ಪದ ಗೊತ್ತಿರುತ್ತೆ. ಗದಗ-ಬೆಟಗೇರಿಯವರಿಗೂ. ಇವತ್ತಿಗೂ ಆಟೋದವನಿಗೆ ಸೆಟ್ಲಮೆಂಟ್ ಅಂದರೆ ಸಾಕು, ಕರೆದುಕೊಂಡು ಹೋಗ್ತಾನೆ. ಚಿಕ್ಕವನಿದ್ದಾಗ ಅದು ಸುಮ್ನೆ ಒಂದು ಬಡಾವಣೆಯ ಹೆಸರು ಅಂದುಕೊಂಡಿದ್ದೆ. ನಮ್ಮಜ್ಜಿ ಆ ಹೆಸರು ಹೇಳುವಾಗ ದನಿ ಯಾಕೆ ತಗ್ಗಿಸುತ್ತಾಳೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು, ಇಂತಿಂಥ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದುಬಿಟ್ಟಿದ್ದರು. ಅವರು ಹಾಜರಿ ಕೊಡಬೇಕು. ಊರು ದಾಟಲು ಪಾಸು ಬೇಕು. ಅಂಥವರನ್ನು ತಂದು ಕೂಡಿಹಾಕಿದ ಜಾಗವೇ ಸೆಟ್ಲಮೆಂಟ್. ಕಾಯ್ದೆ ಹೋದದ್ದು 1952ರಲ್ಲಿ. ನಮ್ಮಜ್ಜಿಯ ತಗ್ಗಿದ ದನಿ ಮಾತ್ರ ಅವಳು ಸಾಯುವವರೆಗೂ ಹೋಗಲಿಲ್ಲ.

ಇಲ್ಲಿಗೆ ಬಂದು ಓದಿದರೆ, ಇದೇ ಪಾಸು. 1885ರಿಂದ ಈ ಬಯಲುಸೀಮೆಯ ಮೂಲನಿವಾಸಿಗಳು ತಮ್ಮ ರಿಸರ್ವ್ (ಸರ್ಕಾರ ಅವರಿಗೆಂದು ಗೊತ್ತುಮಾಡಿದ ನೆಲ) ಬಿಟ್ಟು ಹೊರಗೆ ಹೋಗಬೇಕಾದರೆ ಸರ್ಕಾರದ ಏಜೆಂಟನ ಸಹಿ ಇರೋ ಚೀಟಿ ಬೇಕಿತ್ತು. ಅದಕ್ಕೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳಲ್ಲ. ಆದರೆ ಒಂದೇ ರಾಣಿಯ ಕಾಲದಲ್ಲಿ, ಒಂದೇ ಥರದ ಬುದ್ಧಿಯಿಂದ ಹುಟ್ಟಿದವು.

1885 ಅಂದೆ. ಅದೇ ವರ್ಷ ಕ್ರೀ ಮುಖಂಡ ಪೌಂಡ್‌ಮೇಕರ್‌ನನ್ನು ದೇಶದ್ರೋಹದ ಆರೋಪದ ಮೇಲೆ ಮ್ಯಾನಿಟೋಬಾದ ಸ್ಟೋನಿ ಮೌಂಟನ್ ಜೈಲಿಗೆ ಹಾಕಿದ್ದು. ಮೂರು ವರ್ಷ ಶಿಕ್ಷೆ. ಆರೋಗ್ಯ ಕೆಟ್ಟು ಏಳೇ ತಿಂಗಳಿಗೆ ಬಿಟ್ಟರು. ಅವನಿಗೊಬ್ಬ ಸಾಕುತಂದೆ ಇದ್ದ, ಬ್ಲ್ಯಾಕ್‌ಫುಟ್ ಜನರ ಮುಖಂಡ ಕ್ರೋಫುಟ್. ತೀರಿಹೋದ ತನ್ನ ಮಗನ ಹಾಗೇ ಕಾಣ್ತಾನೆ ಅಂತ ಎದುರು ಪಕ್ಷದ ಕ್ರೀ ಹುಡುಗನನ್ನು ಮಗನಾಗಿ ತೆಗೆದುಕೊಂಡವನು. ಬಿಡುಗಡೆಯಾದ ಪೌಂಡ್‌ಮೇಕರ್ ಆ ತಂದೆಯನ್ನು ನೋಡಲು ಹೋದ. 1886ರ ಜುಲೈನಲ್ಲಿ ಅಲ್ಲೇ ತೀರಿಕೊಂಡ. ಅವನ ಮೂಳೆಗಳನ್ನು ಅವನ ಸ್ವಂತ ಊರಿಗೆ ತಂದದ್ದು 1967ರಲ್ಲಿ. ಅವನು ದ್ರೋಹಿಯಲ್ಲ ಅಂತ ಪ್ರಧಾನಿ ಬಂದು ಹೇಳಿದ್ದು 2019ರ ಮೇ ತಿಂಗಳಲ್ಲಿ.

ಈ ಕಥೆ ಕಾರಿನಲ್ಲಿ ತೆಗೆದೆ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 'ಜೈಲಿನಲ್ಲಿ ಅವನ ಕೂದಲು ಕತ್ತರಿಸಲಿಲ್ಲ, ಗೊತ್ತಾ?' ಅಂದ. ಇವನ ಕೂದಲೂ ಉದ್ದವಿತ್ತು, ಜಡೆ ಹಾಕಿದ್ದ. ಒಳಗೆ ಒಬ್ಬ ಹಿರಿಯರು ಬರುತ್ತಿದ್ದರಂತೆ. ಜೈಲಿನಲ್ಲಿ ಇವರಿಗೆ ಎಲ್ಡರ್ ಅಂತಾರೆ. ಸೇಜ್ ಸೊಪ್ಪಿನ ಹೊಗೆ ಹಾಕಿ, ಮಾತಾಡಿಸಿ, ಬಿಸಿಕಲ್ಲಿನ ಬೆವರುಗುಡಿಸಿಲಿಗೆ ಕೂರಿಸಿ, ಜಡೆ ಹಾಕೋದನ್ನು ಕಲಿಸಿದ್ದೂ ಅವರೇ. 'ನಾನು ಕ್ರೀ ಆದದ್ದು ಜೈಲಿನಲ್ಲಿ' ಅಂತ ಅವನು ನಕ್ಕ. ನನಗೆ ನಗು ಬರಲಿಲ್ಲ.

ಹೀಲಿಂಗ್ ಲಾಡ್ಜ್ ಅಂದೆನಲ್ಲ, ಅದರಲ್ಲಿ ಒಂದರ ಬಗ್ಗೆ ಹೇಳಬೇಕು. ಸಸ್ಕಾಚೆವಾನಿನ ತೆಂಕಣ ಮೂಲೆಯಲ್ಲಿ, ಮೇಪಲ್ ಕ್ರೀಕ್ ಹತ್ತಿರ, ನೆಕನೀಟ್ ಜನರ ನೆಲದಲ್ಲಿ ಒಕಿಮಾವ್ ಓಹ್ಚಿ ಅನ್ನುವ ಜಾಗವಿದೆ. 1995ರಲ್ಲಿ ಶುರುವಾದದ್ದು, ಹೆಂಗಸರಿಗೆ. ಇಲಾಖೆಯೇ ನಡೆಸುತ್ತದೆ. ಆದರೆ ಅಲ್ಲಿನ ಮುಖ್ಯ ಅಧಿಕಾರಿಯ ಹುದ್ದೆಗೆ ವಾರ್ಡನ್ ಅನ್ನುವುದಿಲ್ಲ. 'ಕಿಕಾವಿನಾವ್' ಅಂತಾರೆ. 'ನಮ್ಮೆಲ್ಲರ ತಾಯಿ' ಅಂತ ಅರ್ಥ. ಒಂದು ಕಡೆ ತಾಯಿ ಅನ್ನೋದನ್ನೇ ಸರ್ಕಾರಿ ಹುದ್ದೆ ಮಾಡಿದ ಇಲಾಖೆ, ಇನ್ನೊಂದು ಕಡೆ ಫಾರ್ಮಿನಲ್ಲಿ ಎರಡನೇ ತಾಯಿ ಕಂಡರೆ ಗಾಬರಿ ಬೀಳುತ್ತೆ.

ಇಷ್ಟು ಓದಿದ ಯಾರಾದರೂ ಕೇಳಬಹುದು. ಅಲ್ಲಪ್ಪ, ಅವನಿಂದ ಏಟು ತಿಂದವರ ಕಥೆ ಏನು?

ಕೇಳಲೇಬೇಕಾದ ಪ್ರಶ್ನೆ. ರಿಸರ್ವ್ ಅಂದರೆ ಸಣ್ಣ ಊರು. ಒಂದು ಅಂಗಡಿ, ಒಂದು ಶಾಲೆ. ಹೊಡೆದವನೂ ಹೊಡೆಸಿಕೊಂಡವನೂ ಕಳ್ಳುಬಳ್ಳಿ ನೆಂಟರು. ಪಟ್ಟಣದಲ್ಲಾದರೆ ಮುಖ ನೋಡದೆ ಬದುಕಬಹುದು. ಇಲ್ಲಿ ಹಾಲಿಗೆ ಹೋದರೂ ಎದುರಾಗುತ್ತಾರೆ. 2022ರ ಸೆಪ್ಟೆಂಬರ್ 4ರಂದು ಜೇಮ್ಸ್ ಸ್ಮಿತ್ ಕ್ರೀ ನೇಷನ್‌ನಲ್ಲಿ ಮತ್ತು ಪಕ್ಕದ ವೆಲ್ಡನ್‌ನಲ್ಲಿ 11 ಜನರನ್ನು ಇರಿದು ಕೊಂದವನು ಅದೇ ಸಮುದಾಯದವನು. ಶಿಕ್ಷೆಯ ಮೂರನೇ ಎರಡು ಭಾಗ ಮುಗಿದಿತ್ತು ಅಂತ ಹೊರಬಿಟ್ಟಿದ್ದರು. ಷರತ್ತು ಮುರಿದು ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದ. ಆ ಭಾನುವಾರ ಸಸ್ಕಾಟೂನಿನಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಫೋನಿನ ಎಚ್ಚರಿಕೆ ಗಂಟೆ ಕೇಳುತ್ತಾ ಕೂತಿದ್ದೆವು. ಆಮೇಲೆ ಬಹಳ ದಿನ ನಾನು ಡ್ರೈವಿಂಗಿಗೆ ಹೋಗಲಿಲ್ಲ. ಹೆದರಿಕೆ ಅಂತ ಒಪ್ಪಿಕೊಳ್ಳೋದಕ್ಕೂ ಸಮಯ ಹಿಡಿಯಿತು.

ಏನು ಮಾಡಿದ್ದರೆ ಅದು ತಪ್ಪುತ್ತಿತ್ತು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಮಾತ್ರ ಗಮನಿಸಿದೆ. ಆ ಥರದ ಬಿಡುಗಡೆ ಕ್ಯಾಲೆಂಡರ್ ನೋಡಿ ಆಗೋದು. ಅದಕ್ಕೆ ಊರಿನವರ ಒಪ್ಪಿಗೆ ಬೇಕಾಗಿಲ್ಲ. 84ನೇ ಸೆಕ್ಷನ್‌ನಲ್ಲಿ ಊರಿಗೆ ತನ್ನ ಮಾತು ಹೇಳೋಕೆ ಜಾಗ ಇದೆ. 'ಈಗ ಬೇಡ, ಅವಳು ಇನ್ನೂ ಇಲ್ಲೇ ಇದ್ದಾಳೆ' ಅನ್ನಬಹುದು. 'ಬರಲಿ, ಆದರೆ ಹೀಗೆ ಇರಬೇಕು' ಅನ್ನಬಹುದು. ಕೇಳಿಸಿಕೊಂಡ ಊರು ಕಣ್ಣಿಟ್ಟು ಕಾಯುತ್ತೆ. ಕೇಳದೆ ತಂದು ಬಿಟ್ಟರೆ ಬಾಗಿಲು ಹಾಕಿಕೊಳ್ಳುತ್ತೆ.

ಮ್ಯಾನಿಟೋಬಾದಲ್ಲಿ ಹಾಲೋ ವಾಟರ್ ಅಂತ ಒಂದು ಊರಿದೆ, ಆನಿಶಿನಾಬೆ ಅನ್ನುವ ಮೂಲನಿವಾಸಿ ಜನರದ್ದು. 1980ರ ದಶಕದಲ್ಲಿ ಅಲ್ಲಿನವರು ತಮ್ಮ ಮನೆಗಳ ಒಳಗೇ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟರು. ಜೈಲಿಗೆ ಕಳಿಸಿದರೆ ಅವನು ಮೌನವಾಗಿ ಹೋಗಿ ಮೌನವಾಗಿ ವಾಪಸ್ ಬರ್ತಾನೆ, ತಪ್ಪನ್ನು ಯಾರ ಮುಂದೂ ಒಪ್ಪಿಕೊಳ್ಳೋದೇ ಇಲ್ಲ ಅನ್ನೋದು ಅವರ ಅನುಭವ. ಹಾಗಾಗಿ ಹದಿಮೂರು ಹಂತದ ಒಂದು ದಾರಿ ಮಾಡಿಕೊಂಡರು. ತಪ್ಪು ಮಾಡಿದವನು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಮನೆಯವರ ಮುಂದೆ, ನೊಂದವರ ಮುಂದೆ, ಊರಿನ ಮುಂದೆ ವೃತ್ತದಲ್ಲಿ ಕೂರಬೇಕು. ವರ್ಷಗಟ್ಟಲೆ. ಇದು ಮೃದು ಶಿಕ್ಷೆ ಅಂದುಕೊಳ್ಳುವವರು ಒಂದು ಸಲ ತಮ್ಮ ಸೋದರತ್ತೆಯ ಮುಂದೆ ಕೂತು ತಾವು ಮಾಡಿದ್ದನ್ನು ಹೇಳಿ ನೋಡಲಿ. 2001ರಲ್ಲಿ ಒಂದು ಅಧ್ಯಯನ ಬಂತು. ಆ ದಾರಿಯಲ್ಲಿ ನಡೆದ 107 ಜನರಲ್ಲಿ ಮತ್ತೆ ಅಪರಾಧ ಮಾಡಿದವರು ಇಬ್ಬರು. ಎಲ್ಲ ಊರಲ್ಲೂ ಇದು ನಡೆಯುತ್ತೆ ಅಂತೇನಿಲ್ಲ. ಊರಿನ ದೊಡ್ಡ ಮನುಷ್ಯನೇ ತಪ್ಪಿತಸ್ಥ ಆದರೆ ವೃತ್ತದಲ್ಲಿ ಕೂರಿಸೋರು ಯಾರು? ನಮ್ಮ ಹಳ್ಳಿ ಪಂಚಾಯ್ತಿಗಳನ್ನು ನೋಡಿ ಬೆಳೆದವನಿಗೆ ಆ ಅನುಮಾನ ಅಷ್ಟು ಸುಲಭಕ್ಕೆ ಹೋಗಲ್ಲ.

ನಾವು ಊರು ಮುಟ್ಟಿದಾಗ ಮಧ್ಯಾಹ್ನ ಎರಡು. ಕೆರೆ ದಂಡೆಯಲ್ಲಿ ಮನೆಗಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಹೊರಗೆ ಅಷ್ಟು ಚಳಿಯಿದ್ದರೂ ಮೈಮೇಲೆ ಒಂದು ಸ್ವೆಟರ್ ಅಷ್ಟೇ. ಹೆತ್ತ ತಾಯಿ ಡಯಾಲಿಸಿಸ್‌ಗೆ ಪಟ್ಟಣಕ್ಕೆ ಹೋಗಿದ್ದರು. ಅದಕ್ಕೇ ಎರಡನೇ ತಾಯಿಯ ಹೆಸರು ಅಷ್ಟು ಮುಖ್ಯವಾಗಿತ್ತು ಅಂತ ಆಗ ಹೊಳೆಯಿತು.

ಅಪ್ಪಿಕೊಳ್ಳೋದು, ಅಳೋದು ಏನೂ ಇರಲಿಲ್ಲ. 'ಬೂಟು ಯಾರದ್ದು?' ಅಂತ ಕೇಳಿದರು. ಅವನು ನನ್ನ ಕಡೆ ಬೆರಳು ತೋರಿಸಿದ. ಆಫೀಸಿನ ಗೆಳತಿ ಹೇಳಿಕೊಟ್ಟ ಹಾಗೆ ಒಂದು ಪೊಟ್ಟಣ ತಂಬಾಕು ತಂದಿದ್ದೆ. ಹಿರಿಯರ ಹತ್ತಿರ ಏನಾದರೂ ಕೇಳುವಾಗ, ಮನೆಗೆ ಹೋದಾಗ ಕೊಡೋದು ಅವರ ರೂಢಿ. ವೀಳ್ಯ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡರು.

ಮೂಸ್ ಮಾಂಸದ ಸಾರು, ಬ್ಯಾನಕ್ ರೊಟ್ಟಿ. ನಾನು ಮಾಂಸ ತಿನ್ನೋನಲ್ಲ. ಹೇಳೋಕೆ ನಾಚಿಕೆಯಾಗಿ ಬರೀ ರೊಟ್ಟಿ ಮುರಿಯುತ್ತಾ ಕೂತಿದ್ದೆ. ಅದನ್ನು ಗಮನಿಸಿ ಚಿಕ್ಕಮ್ಮ ಜಾಮ್ ಡಬ್ಬಿ ತಂದಿಟ್ಟರು. ಎರಡು ಕೋಣೆಯ ಮನೆ, ಒಂಬತ್ತು ಜನ. ರಿಸರ್ವ್‌ಗಳಲ್ಲಿ ಮನೆ ಸಾಲದು. ಇವನಿಗೆ ಜಾಗ ಟಿವಿ ಮುಂದಿನ ಸೋಫಾ.

ಊಟ ಆದ ಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಕಾಗದವೊಂದನ್ನು ತೋರಿಸಿದರು. 84ನೇ ಸೆಕ್ಷನ್ ಯೋಜನೆ. ಟೈಪ್ ಮಾಡಿದ ಎರಡು ಪುಟ. ಮುದುಕರ ಮನೆಗಳಿಗೆ ಸೌದೆ ಒಡೆಯಬೇಕು. ಗುರುವಾರ ಬೆವರುಗುಡಿಸಿಲು. ಕುಡಿಯುವ ಹಾಗಿಲ್ಲ. ವಾರಕ್ಕೊಮ್ಮೆ ಫೋನ್. ಅದರ ಹಿಂದೆ ಪೆನ್ಸಿಲ್‌ನಲ್ಲಿ ಬಿಡಿಸಿದ ಊರಿನ ನಕ್ಷೆ. ಅದು ಚಿಕ್ಕಮ್ಮನ ಕೈಕೆಲಸ. ಜೈಲಿಗೆ ಹೋಗೋ ಮುಂಚೆ ಒಂದು ರಾತ್ರಿ ಕುಡಿದು ಇವನು ಸೋದರಮಾವನ ಮಗನ ದವಡೆ ಮುರಿದಿದ್ದ. ಅವನ ಮನೆ ಇಲ್ಲಿಂದ ಮೂರನೆಯದು, ಅಂಗಡಿಗೆ ಹೋಗುವ ದಾರಿಯಲ್ಲೇ. ಆ ಮನೆ ಮುಂದೆ ನಕ್ಷೆಯಲ್ಲಿ ಒಂದು ಗೀಟು. ಅವನು ತಾನಾಗಿ ಕರೆಯುವವರೆಗೂ ಇವನು ಗೀಟು ದಾಟಬಾರದು. ಅಂಗಡಿಗೆ ಹೋಗಬೇಕಾದರೆ ಕೆರೆ ಬಳಸಿ ಹೋಗುವ ಕಾಲುದಾರಿ. ಚುಕ್ಕಿ ಚುಕ್ಕಿ ಇಟ್ಟು ತೋರಿಸಿದ್ದರು.

'ಇದನ್ನೂ ಜೈಲಿಗೆ ಕಳಿಸಿದ್ರಾ?' ಅಂದೆ.

'ಕಳಿಸಿದೆ. ಈ ಪುಟ ಯಾರೂ ನೋಡಲಿಲ್ಲ ಅನ್ನಿಸುತ್ತೆ. ಹಿಂಬದಿ ಅಲ್ವಾ' ಅಂದರು.

ಏಪ್ರಿಲ್‌ನಲ್ಲಿ ಅವನನ್ನು ಮತ್ತೆ ಒಳಗೆ ಹಾಕಿದರು. ಅಪರಾಧ ಏನೂ ಮಾಡಿರಲಿಲ್ಲ. ಪೆರೋಲ್ ಅಧಿಕಾರಿಗೆ ಫೋನ್ ಮಾಡೋದು ಎರಡು ವಾರ ತಪ್ಪಿತ್ತು. ಟವರ್ ಕೆಟ್ಟಿತ್ತು ಅಂತ ಚಿಕ್ಕಮ್ಮ. ಬೇಕಿದ್ದರೆ ಬ್ಯಾಂಡ್ ಆಫೀಸಿನಿಂದ, ಅಂದರೆ ಆ ಊರಿನ ಆಡಳಿತ ಕಚೇರಿಯಿಂದ, ಮಾಡಬಹುದಿತ್ತು ಅಂತ ಅಧಿಕಾರಿ. ಬ್ಯಾಂಡ್ ಆಫೀಸ್ ಇರೋದು ಆ ಗೀಟಿನ ಆಚೆ, ಕೆರೆ ದಾರಿ ಕರಗಿದ ಹಿಮದಲ್ಲಿ ಮುಳುಗಿತ್ತು. ಇಬ್ಬರ ಮಾತೂ ನಿಜ ಇರಬಹುದು. ಹತ್ತೊಂಬತ್ತು ದಿನ ಆದ ಮೇಲೆ ಮತ್ತೆ ಬಿಡ್ತೀವಿ ಅಂದರು.

ಹಿಂದಿನ ದಿನ ಸಂಜೆ ಚಿಕ್ಕಮ್ಮನ ಫೋನ್ ಬಂತು. ನಾಳೆ ಬರ್ತೀಯಾ ಅಂತ ಕೇಳಲಿಲ್ಲ. ಎಷ್ಟು ಗಂಟೆಗೆ ಹೊರಡ್ತೀಯ ಅಂತ ಕೇಳಿದರು. ಆಮೇಲೆ, ಈ ಸಲ ಕರೆದುಕೊಂಡು ಬರೋನ ಹೆಸರನ್ನೂ ಫಾರ್ಮಿನಲ್ಲಿ ಕೇಳಿದ್ದಾರೆ ಅಂದರು. 'ಹೆಸರು ಬರೆದೆ. ನಿಮಗೆ ಏನಾಗಬೇಕು ಅಂತ ಇದೆ. ಏನು ಬರೀಲಿ?'

'ಡ್ರೈವರ್ ಅಂತ ಬರೀರಿ ಸಾಕು. ಇಲ್ಲದಿದ್ರೆ ಮತ್ತೆ ಎರಡು ತಿಂಗಳು ಹಿಡಿಯುತ್ತೆ' ಅಂದೆ.

ಆ ಕಡೆ ಜೋರಾಗಿ ನಗು. 'ಬರುವಾಗ ಚಹಾಪುಡಿ ತಗೊಂಡು ಬಾ. ರೆಡ್ ರೋಸ್, ದೊಡ್ಡ ಪ್ಯಾಕೆಟ್.'